ಲಂಡನ್ನಿನಿಂದ ಕುಣಿಗಲ್ಲಿಗೆ ಬಂದ ಕುದುರೆ

ಕುದುರೆ ಸಾಕುವ ಕಡೆ ಕೆಲಸಕ್ಕಿದ್ದವನು ನಗುವುದಕ್ಕೆ ಅಂತ ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ಏನೋ ನಡೆದೇ ನಡೆಯುತ್ತದೆ. ಆವತ್ತಿಗೆ ತಲೆ ಚಚ್ಚಿಕೊಳ್ಳುವ ಹಾಗಿರುತ್ತದೆ. ಆಮೇಲೆ ನೆನೆಸಿಕೊಂಡರೆ ನಗು ಬರುತ್ತದೆ. ಇನ್ನೂ ಕೆಲವು ವರ್ಷ ಕಳೆದ ಮೇಲೆ, ಆ ನಗುವಿನ ಹಿಂದೆ ಬೇರೇನೋ ಇತ್ತಲ್ಲ ಅನ್ನಿಸುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಣಿಗಲ್ ಕಡೆ ಒಂದು ಸಣ್ಣ ಖಾಸಗಿ ಕುದುರೆ ಫಾರಮ್ಮಿನಲ್ಲಿ ನಾನು ರೈಟರ್. ರೈಟರ್ ಅಂದರೆ ಕಥೆ ಬರೆಯುವವನಲ್ಲ, ಹುರುಳಿ ಎಷ್ಟು ಮೂಟೆ ಬಂತು, ಹುಲ್ಲು ಎಷ್ಟು ಗಾಡಿ ಇಳೀತು ಅಂತ ಬರೆಯುವವನು. ಹುಟ್ಟಿದ್ದು ಗುಬ್ಬಿ, ಸಂಸಾರ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಅನ್ನ ಕುಣಿಗಲ್ಲಿನದು. ದಿನಾ ಬಸ್ಸಿನಲ್ಲಿ ಓಡಾಟ.

ಫಾರಮ್ಮಿನಲ್ಲಿ ಒಬ್ಬ ಸೈಸ್ ಇದ್ದ. ಕುದುರೆಗೆ ಮೈ ಉಜ್ಜಿ, ಮೇವು ಹಾಕಿ, ಲಾಯ ನೋಡಿಕೊಳ್ಳುವವನು. ಐವತ್ತರ ಹತ್ತಿರದ ವಯಸ್ಸು. ಕುದುರೆ ಹತ್ತಿರ ಎಷ್ಟು ಬೇಕಾದರೂ ಮಾತಾಡುತ್ತಿದ್ದ, ಮನುಷ್ಯರ ಹತ್ತಿರ ಕೇಳಿದ್ದಕ್ಕೆ ಮಾತ್ರ. ನಾವೆಲ್ಲ ಸೈಸಣ್ಣ ಅಂತಿದ್ದೆವು. ಅವನ ಹೆಂಡತಿ ಎಲ್ಲರಿಗೂ ಅಕ್ಕ. ಮುಂದೆ ಹೇಳುವುದೆಲ್ಲ ಈ ಗಂಡ ಹೆಂಡತಿ ಮತ್ತು ಒಂದು ಸೀಮೆ ಕುದುರೆಯ ಸುದ್ದಿ.

ತವರಿಗಿಂತ ಹತ್ತಿರ

ನಮ್ಮ ಮಾಲೀಕರು ಬೆಂಗಳೂರಿನಲ್ಲಿದ್ದರು. ಇಂಗ್ಲೆಂಡಿನ ಒಂದು ಹರಾಜಿನಲ್ಲಿ ಗಂಡು ಕುದುರೆಯೊಂದನ್ನು ಕೊಂಡರು. ಅದು ವಿಮಾನದಲ್ಲಿ ಬೊಂಬಾಯಿಗೆ ಬರಬೇಕು, ಅಲ್ಲಿಂದ ಲಾರಿಯಲ್ಲಿ ಕುಣಿಗಲ್ಲಿಗೆ. ಜೊತೆಗೆ ಆ ಕಡೆಯ ಒಬ್ಬ ಸೈಸ್ ಬೊಂಬಾಯಿವರೆಗೆ ಬರುತ್ತಾನೆ. ಆದರೆ ಲಂಡನ್ನಿನಿಂದಲೇ ನಮ್ಮವನೊಬ್ಬ ಜೊತೆಗಿದ್ದರೆ ಕುದುರೆಗೆ ಅಭ್ಯಾಸವಾಗುತ್ತದೆ ಅಂತ ಮಾಲೀಕರಿಗೆ ಅನ್ನಿಸಿತು. "ಸೈಸಣ್ಣನ್ನೇ ಕಳಿಸೋಣ," ಅಂದರು.

ಸೈಸಣ್ಣ ಅಲ್ಲಿಯವರೆಗೆ ಕುದುರೆ ಜೊತೆ ಹೋಗಿದ್ದ ದೂರದ ಊರು ಅಂದರೆ ಬೆಂಗಳೂರಿನ ರೇಸ್ ಕೋರ್ಸು. ಸುದ್ದಿ ಕೇಳಿ ನೇರ ಮನೆಗೆ ಹೋದ. ಮಾರನೆಯ ಬೆಳಗ್ಗೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತಿದ್ದಳು.

"ರೈಟ್ರೇ, ಆ ಊರು ಎಷ್ಟು ದೂರ?"

"ಬೊಂಬಾಯಿಂದ ನಾಲ್ಕೂವರೆ ಸಾವಿರ ಮೈಲಿ ಆಗ್ಬೋದು ಅಕ್ಕ."

ಆ ಸಾವಿರ ಅವಳ ಕಣ್ಣಿಗೆ ಕಟ್ಟಲಿಲ್ಲ. "ಮೈಲಿ ಬ್ಯಾಡ. ಎಷ್ಟೊತ್ತು ಕುಂತಿರ್ಬೇಕು ಅದ್ರೊಳಗೆ?"

"ಹತ್ತು ಗಂಟೆ ಅಂತ ಇಟ್ಕೊ."

ಅಕ್ಕ ಬೆರಳು ಮಡಿಚತೊಡಗಿದಳು. ಅವಳ ತವರು ಪಾವಗಡದಿಂದ ಆಚೆ ಒಂದು ಹಳ್ಳಿ. ಕುಣಿಗಲ್ಲಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿಂದ ಪಾವಗಡಕ್ಕೆ ಇನ್ನೊಂದು, ಅಲ್ಲಿ ಮುಂದಿನ ಬಸ್ಸು ತಪ್ಪಿದರೆ ಯಾರದೋ ಜಗಲಿ ಮೇಲೆ ಮಲಗಿ, ಬೆಳಗ್ಗೆ ಎದ್ದು ಹೊಲದ ಬದುಗಳ ಮೇಲೆ ನಡಿಗೆ. ಎರಡು ಕೈಯ ಬೆರಳೂ ಮುಗಿದವು, ತವರು ಇನ್ನೂ ಬರಲಿಲ್ಲ.

"ನಮ್ಮಪ್ಪನ ಮನೆಗೆ ಒಂದ್ಸಲ ಹೋಗ್ಬರಾನ ಅಂದ್ರೆ ಮದುವೆ ಆದಾಗಿಂದ ದೂರ ಕಣೇ ದೂರ ಕಣೇ ಅಂತಾನೆ ಆವಯ್ಯ," ಅಂದಳು. "ಹತ್ತು ಗಂಟೆ ದಾರಿಗೆ ಏನ್ ಧಾಡಿ? ಹೋಗ್ಲಿ ಬುಡಿ. ಬಂದ್ಮೇಲೆ ನಮ್ಮೂರಿಗೂ ಒಂದು ವಿಮಾನ ಬುಡಕ್ಕೇಳಿ."

ಎರಡು ಕಿವಿ

ಪಾಸ್‌ಪೋರ್ಟಿಗೆ ಫೋಟೋ ಬೇಕಲ್ಲ. ಸೈಸಣ್ಣನನ್ನು ತುಮಕೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಬಿಳಿ ಪರದೆ ಮುಂದೆ ನಿಲ್ಲಿಸಿದರು. ಫೋಟೋದವರು ಕರಿ ಬಟ್ಟೆಯೊಳಗೆ ತಲೆ ತೂರಿಸಿದರು, ತಕ್ಷಣ ಹೊರಗೆ ತೆಗೆದರು.

"ಯಜಮಾನ್ರೇ, ಮಧ್ಯಕ್ಕೆ ಬನ್ನಿ."

ಸೈಸಣ್ಣ ಮಧ್ಯಕ್ಕೆ ಬಂದ. ಅವರು ಮತ್ತೆ ಬಟ್ಟೆಯೊಳಗೆ ಹೋದರು. ಅಷ್ಟರಲ್ಲಿ ಇವನು ಒಂದು ಹೆಜ್ಜೆ ಎಡಕ್ಕೆ ಜರುಗಿ ಬಲಗೈ ಸ್ವಲ್ಪ ಎತ್ತಿ ನಿಂತಿದ್ದ. ಮತ್ತೆ ಕರೆದು ನಿಲ್ಲಿಸಿದರು, ಮತ್ತೆ ಜರುಗಿದ. ಮೂರನೆಯ ಸಲ ಫೋಟೋದವರಿಗೆ ರೇಗಿತು. "ಏನ್ರೀ, ಮಧ್ಯದಲ್ಲಿ ನಿಂತ್ಕೊಳ್ಳೋಕೆ ನಿಮಗೇನು ಕಷ್ಟ?"

ಸೈಸಣ್ಣ ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. "ಮಧ್ಯ ಕುದುರೆಗಲ್ವಾ ಸಾ?"

ನನಗೆ ಫಾರಮ್ಮಿನ ಆಫೀಸಿನ ಗೋಡೆ ನೆನಪಿಗೆ ಬಂತು. ರೇಸು ಗೆದ್ದ ಕುದುರೆಗಳ ಫೋಟೋಗಳು ಸಾಲಾಗಿ ಇದ್ದವು. ಎಲ್ಲದರಲ್ಲೂ ಮಧ್ಯ ಕುದುರೆ, ಮೇಲೆ ಜಾಕಿ, ಪಕ್ಕದಲ್ಲಿ ಬೆಳ್ಳಿ ಕಪ್ಪು ಹಿಡಿದ ಮಾಲೀಕರು. ಫ್ರೇಮಿನ ತುದಿಯಲ್ಲಿ ಅರ್ಧ ಪೇಟ, ಒಂದು ಕಿವಿ, ಹಗ್ಗ ಹಿಡಿದ ಒಂದು ಕೈ. ದಿನಾ ಅದರ ಕೆಳಗೇ ಕೂತು ಹುರುಳಿ ಲೆಕ್ಕ ಬರೆಯುತ್ತಿದ್ದವನಿಗೆ ಆ ಅರ್ಧ ಮನುಷ್ಯ ಯಾರು ಅಂತ ಹೊಳೆದದ್ದು ಆಗಲೇ.

ಕೊನೆಗೆ ನಾನು ಪರದೆ ಹಿಂದೆ ಕೂತು ಅವನ ಪಂಚೆ ಹಿಡಿದುಕೊಂಡೆ, ಫೋಟೋ ಆಯಿತು. ಎರಡು ದಿನ ಬಿಟ್ಟು ಅವನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದ.

"ಹೆಂಗೈತೆ ಸೈಸಣ್ಣ?"

"ನಂಗೆ ಎರಡು ಕಿವಿ ಅವೆ ಅಂತ ಫೋಟೋದಾಗೆ ಇವತ್ತೇ ಕಂಡಿದ್ದು ಸಾ."

ಎತ್ತಿಗೆ ನೀರು

ಆ ವಾರ ಗುಬ್ಬಿಗೆ ಹೋಗಿದ್ದೆ. ನಮ್ಮಪ್ಪ ವಯಸ್ಸಿನಲ್ಲಿ ತೆಂಗಿನಕಾಯಿ ತುಂಬಿಕೊಂಡು ಎತ್ತಿನ ಗಾಡಿ ಹೊಡೆದವರು. ಗುಬ್ಬಿಯಿಂದ ತುಮಕೂರಿಗೆ ಎಲ್ಲಿ ಏರು, ಎಲ್ಲಿ ಇಳಿಜಾರು, ಯಾವ ಮರದ ನೆರಳು ಎಷ್ಟು ಹೊತ್ತಿರುತ್ತೆ ಅನ್ನುವುದೆಲ್ಲ ಬಾಯಿಪಾಠ. ಅವರಿಗೆ ಈ ಸುದ್ದಿಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಲಂಡನ್ ಎಲ್ಲಿ, ಬೊಂಬಾಯಿ ಎಲ್ಲಿ, ಮಧ್ಯೆ ಎಷ್ಟು ಸಮುದ್ರ, ಎಷ್ಟು ಮರಳುಗಾಡು, ಎಲ್ಲ ಒಂದೇ ಪ್ರಯಾಣದಲ್ಲಿ ಅಂತ ಕೈ ಬೀಸಿ ಬೀಸಿ ವಿವರಿಸಿದೆ. ಬೆರಗಾಗುತ್ತಾರೆ ಅಂದುಕೊಂಡಿದ್ದೆ. ಅಪ್ಪ ಎಲೆ ಅಡಿಕೆ ಅಗಿಯುತ್ತ ಎಲ್ಲ ಕೇಳಿಸಿಕೊಂಡರು.

"ಮಧ್ಯ ಎಲ್ಲೂ ನಿಲ್ಸಲ್ವೇನ್ಲಾ?"

"ಒಂದು ಕಡೆ ನಿಲ್ಸ್ತಾರೆ ಅಪ್ಪ. ಎಣ್ಣೆ ತುಂಬ್ಸೋಕೆ."

ಅಪ್ಪನ ಮುಖ ಸಡಿಲವಾಯಿತು. "ಹಂಗನ್ನು ಮತ್ತೆ. ನೀರು ಕುಡಿಸ್ದೆ ಅಷ್ಟು ದೂರ ಹೊಡೆದ್ರೆ ಪಾಪ ತಟ್ತದೆ."

ಅಕ್ಕನ ಊಟ

ಸೈಸಣ್ಣ ಹೋದ. ತಲುಪಿದ್ದಾನೆ ಅಂತ ಮಾಲೀಕರ ಕಡೆಯಿಂದ ಫೋನ್ ಬಂತು. ಅಕ್ಕನಿಗೆ ಹೇಳಿದೆ. ಅವಳಿಗೆ ಸಮಾಧಾನವಾಯಿತು, ಆದರೆ ಒಂದು ಪ್ರಶ್ನೆ ಉಳಿದಿತ್ತು. ಗಂಡ ಉಂಡ ಮೇಲೆ ತಾನು ಉಣ್ಣುವುದು ಅವಳ ಪದ್ಧತಿ. "ಅಲ್ಲಿ ಊಟದ ಹೊತ್ತು ಯಾವಾಗ ರೈಟ್ರೇ?"

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಭೂಮಿ ಗುಂಡಗಿದೆ, ಸೂರ್ಯ ನಮಗೆ ಮೊದಲು ಕಾಣುತ್ತಾನೆ, ಅಲ್ಲಿ ಹೊತ್ತು ಐದೂವರೆ ಗಂಟೆ ತಡ, ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಅವರಿಗೆ ಮಧ್ಯಾಹ್ನದ ಊಟ ಅಂತ ಮೇಷ್ಟ್ರ ಥರ ಹೇಳಿಬಿಟ್ಟೆ. ಅಕ್ಕ ತಲೆಯಾಡಿಸಿ ಹೋದಳು.

ನಾಲ್ಕು ದಿನ ಬಿಟ್ಟು ಬಂದಾಗ ಕಣ್ಣು ಒಳಗೆ ಹೋಗಿತ್ತು. ಮಧ್ಯಾಹ್ನದ ಮುದ್ದೆಯನ್ನು ಮುಸ್ಸಂಜೆಗೆ ಉಣ್ಣುತ್ತಿದ್ದಳಂತೆ, ರಾತ್ರಿಯದನ್ನು ಮೊದಲ ಕೋಳಿ ಕೂಗುವ ಹೊತ್ತಿಗೆ.

"ರೈಟ್ರೇ, ಮಾಲೀಕರಿಗೆ ಒಂದು ಫೋನ್ ಮಾಡಿ," ಅಂದಳು ಬಾಗಿಲಿಗೆ ಒರಗಿಕೊಂಡು. "ಆವಯ್ಯಂಗೆ ಒಸಿ ಬ್ಯಾಗ ಉಣ್ಣಕ್ಕೇಳ್ಲಿ."

ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ನಗಲಿಲ್ಲ. "ಗಡಿಯಾರದ ವಿಷಯ ಹೇಳೋಕೆ ಹೋಗಿ ಒಂದು ಹೆಂಗಸಿನ ಹೊಟ್ಟೆ ಮೇಲೆ ಹೊಡೆದ್ರಲ್ಲ," ಅಂತ ಬೈದು, ಭಾನುವಾರ ತಾನೇ ನನ್ನ ಜೊತೆ ಕುಣಿಗಲ್ಲಿಗೆ ಹೊರಟಳು. ಅಕ್ಕನ ಪಕ್ಕ ಕೂತು ನಿಧಾನವಾಗಿ ಕೇಳಿದಳು:

"ಅಕ್ಕ, ನಿಮ್ಮೆಜಮಾನ್ರು ನಿನ್ನೆ ಊಟ ಮಾಡಿದಾರೆ ತಾನೆ?"

"ಮಾಡಿರ್ತಾನೆ ಕಣವ್ವ."

"ಆ ಊಟದ ಮೇಲೆ ನೀವು ಇವತ್ತು ಮಾಡಿ. ಅವ್ರಾದ ಮೇಲೆ ಅಂದ್ರೆ ಆಯ್ತು. ಎಷ್ಟು ಹೊತ್ತಾದ ಮೇಲೆ ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ?"

ಅಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದಳು. ಮುಖ ನಿಧಾನವಾಗಿ ಅರಳಿತು. "ಹಂಗಾದ್ರೆ ಮದುವೆ ಆದಾಗಿಂದ ಆವಯ್ಯ ಉಂಡಿರೋದೆಲ್ಲ ಲೆಕ್ಕಕ್ಕೆ ಬತ್ತದಲ್ಲವ್ವ! ನಾನು ಇನ್ ಕಾಯೋ ಹಂಗೇ ಇಲ್ಲ ಬುಡು."

ಆಕಾಶದಲ್ಲಿ ನಾಗವಲ್ಲಿ

ಇದು ನಾನು ಕಂಡದ್ದಲ್ಲ, ಸೈಸಣ್ಣ ಆಮೇಲೆ ಒಂದು ದಿನ ಲಾಯದ ಮುಂದೆ ಕೂತು ಹೇಳಿದ್ದು. ಅದೂ ನಾನು ಕೆದಕಿ ಕೆದಕಿ ಕೇಳಿದ ಮೇಲೆ.

ವಾಪಸ್ಸು ಬಂದದ್ದು ಸಾಮಾನು ಸಾಗಿಸುವ ವಿಮಾನದಲ್ಲಿ. ಒಳಗೆ ಕಿಟಕಿ ಇಲ್ಲ. ಮರದ ಹಲಗೆಯ ಒಂದು ಕಟಕಟೆ, ಅದರೊಳಗೆ ಕುದುರೆ. ಪಕ್ಕದಲ್ಲಿ ಇವನು ಮತ್ತು ಆ ಕಡೆಯ ಬಿಳಿ ಸೈಸ್. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಬಿಳಿ ಸೈಸ್ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇತ್ತು. ಅದನ್ನು ತೆರೆದು ದಪ್ಪ ಸೂಜಿಯೊಂದನ್ನು ತೋರಿಸಿ, ಕೈಸನ್ನೆಯಲ್ಲೇ ವಿಷಯ ತಿಳಿಸಿದ್ದ. ಕುದುರೆ ಹುಚ್ಚೆದ್ದು ಒದ್ದರೆ ವಿಮಾನಕ್ಕೇ ಅಪಾಯ, ಎಲ್ಲರೂ ಸಾಯುತ್ತಾರೆ. ಹಾಗೇನಾದರೂ ಆದರೆ ಈ ಸೂಜಿ ಚುಚ್ಚಬೇಕು. ಕುದುರೆ ಒಂದೇ ಸಾಯುತ್ತದೆ.

"ನಂಗೆ ಅರ್ಥ ಆಯ್ತು ಸಾ," ಅಂದ ಸೈಸಣ್ಣ. "ಅಂಥ ಮಾತು ಯಾವ ಭಾಷೇಲಿ ಹೇಳಿದ್ರೂ ಅರ್ಥ ಆಯ್ತದೆ."

ಮರಳುಗಾಡಿನ ಒಂದು ಊರಲ್ಲಿ ಎಣ್ಣೆಗೆ ನಿಲ್ಲಿಸಿದರು. ಬಾಗಿಲು ತೆಗೆದಾಗ ಬಿಸಿಗಾಳಿ ನುಗ್ಗಿತು, ಕುದುರೆ ಬೆವೆತು ಹೋಯಿತು. ಮತ್ತೆ ವಿಮಾನ ಗುಡುಗುತ್ತ ಮೇಲೇಳುವಾಗ ಅದು ಮುಂಗಾಲು ಎತ್ತಿ ಹಲಗೆಗೆ ಒದೆಯಿತು. ಮತ್ತೊಂದು ಒದೆ. ಒಂದು ಹಲಗೆ ಸೀಳಿತು. ಬಿಳಿ ಸೈಸ್ ಪೆಟ್ಟಿಗೆ ತೆರೆದ. ಅವನ ಕಣ್ಣಲ್ಲೂ ನೀರಿತ್ತಂತೆ.

ಸೈಸಣ್ಣ ಕುದುರೆಗೂ ಅವನಿಗೂ ಮಧ್ಯೆ ಹೋಗಿ ನಿಂತು ಕೈ ಅಡ್ಡ ಹಿಡಿದ. "ಒಸಿ ತಾಳಪ್ಪ," ಅಂದ. ಹೆಗಲ ಮೇಲಿನ ಟವಲ್ಲನ್ನು ಕುದುರೆಯ ಕಣ್ಣಿಗೆ ಕಟ್ಟಿ, ಕತ್ತು ತಬ್ಬಿಕೊಂಡು, ಕಿವಿಗೆ ಬಾಯಿಟ್ಟು ಮಾತಾಡತೊಡಗಿದ. ಹೆದರಬ್ಯಾಡ ಮಗಾ, ನಾನಿವ್ನಿ ಮಗಾ. ಕುದುರೆ ನಡುಗುತ್ತಲೇ ಇತ್ತು, ಆದರೆ ಕಿವಿ ಈ ಕಡೆ ತಿರುಗಿತು. ಮಾತು ನಿಲ್ಲಿಸಿದರೆ ಮತ್ತೆ ಕಾಲೆತ್ತುತ್ತಿತ್ತು. ಮನುಷ್ಯ ಎಷ್ಟು ಹೊತ್ತು ಹೆದರಬ್ಯಾಡ ಅಂತಾನೆ? ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಆಗ ಅವನ ಬಾಯಿಗೆ ಬಂದದ್ದು ಹುಲ್ಲು ಗೊತ್ತು ಮಾಡುವುದಕ್ಕೆ ಓಡಾಡುತ್ತಿದ್ದ ಬಸ್ಸಿನ ದಾರಿ.

"ಇಗೋ ಕುಣಿಗಲ್ ಬುಟ್ವಿ ಮಗಾ. ಇಗೋ ಹೆಬ್ಬೂರು ಬಂತು, ಇಳಿಯೋರು ಇಳೀತಾವ್ರೆ, ಹೆದರಬ್ಯಾಡ. ಇನ್ನು ನಾಗವಲ್ಲಿ. ಇಗೋ ಗೂಳೂರು. ತುಮಕೂರು ಬಂದೇ ಬುಡ್ತು ನೋಡು."

ತುಮಕೂರು ಬಂದರೂ ಕುದುರೆಯ ನಡುಕ ನಿಂತಿರಲಿಲ್ಲ. ಹಾಗಾಗಿ ಹೆಗ್ಗೆರೆ, ಮಲ್ಲಸಂದ್ರದ ಮೇಲೆ ಗುಬ್ಬಿಗೆ ಹೋದ. ಗುಬ್ಬಿಯಿಂದ ವಾಪಸ್ಸು. ಕುಣಿಗಲ್ ಮುಟ್ಟಿ ಮತ್ತೆ ಹೊರಟ. ಯಾವುದೋ ಒಂದು ಸುತ್ತಿನಲ್ಲಿ ಕುದುರೆ ಉದ್ದಕ್ಕೆ ಉಸಿರು ಬಿಟ್ಟು ಅವನ ಎದೆಗೆ ತಲೆ ಆನಿಸಿತು. ಬಿಳಿ ಸೈಸ್ ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕುಸಿದು ಕೂತ.

ನಾನು ಕೇಳಿದೆ, "ಹಾಗೆ ಎಷ್ಟು ಸಲ ಹೋಗಿ ಬಂದೆ ಸೈಸಣ್ಣ?"

"ಯಾರು ಎಣಿಸಿದ್ರು ಸಾ? ಬೊಂಬಾಯಿ ಬಂತು ಅಂತ ಆ ಬಿಳಿಯಪ್ಪ ಬೆನ್ನು ತಟ್ಟಿದಾಗ ನಾನಿನ್ನೂ ನಾಗವಲ್ಲೀಲೇ ಇದ್ದೆ."

ಕೋರದ ದೊರೆ

ಬೊಂಬಾಯಿಗೆ ಬಂದರೆ ಮುಗಿಯಿತೆ? ಹೊರದೇಶದ ಪ್ರಾಣಿಗೆ ರೋಗ ಗೀಗ ಇದೆಯೋ ಅಂತ ಅಲ್ಲಿ ಒಂದು ತಿಂಗಳಿಗೂ ಹೆಚ್ಚು ಬೇರೆಯಾಗಿ ಇಟ್ಟರು. ಸೈಸಣ್ಣ ಅದನ್ನು ಬಿಟ್ಟು ಬರುವ ಹಾಗಿಲ್ಲ. ಆಮೇಲೆ ಲಾರಿ. ಕುದುರೆಗೆ ಆಯಾಸವಾಗದ ಹಾಗೆ ನಿಲ್ಲಿಸಿ ನಿಲ್ಲಿಸಿ ಬರಬೇಕು. ಹತ್ತು ಗಂಟೆ ದಾರಿ ಅಂತ ಹೇಳಿ ಕಳಿಸಿದ್ದ ಗಂಡ ಎರಡು ತಿಂಗಳಾದರೂ ಮನೆ ಸೇರಿರಲಿಲ್ಲ. ಅಕ್ಕ ನನ್ನನ್ನು ಏನೂ ಕೇಳುವುದನ್ನೇ ಬಿಟ್ಟಿದ್ದಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಒಂದು ಬೆಳಗ್ಗೆ ಲಾರಿ ಡ್ರೈವರ್ ತುಮಕೂರಿನಿಂದ ಫೋನ್ ಮಾಡಿದ. ಲಾರಿ ಕೋರದ ಹತ್ತಿರ ಕೆಟ್ಟು ನಿಂತಿದೆ, ಸಾಮಾನಿಗೆ ಅಂತ ತಾನು ತುಮಕೂರಿಗೆ ಬಂದಿದ್ದೇನೆ, ಕುದುರೆ ಚೆನ್ನಾಗಿದೆ ಅಂದ. ಕುದುರೆಗೆ ಅಂತ ಕಾಳು ಒಂದು ಚೀಲಕ್ಕೆ ತುಂಬಿಕೊಂಡು ನಾನು ಬಸ್ ಸ್ಟ್ಯಾಂಡಿಗೆ ಬಂದರೆ, ಅಕ್ಕ ನನಗಿಂತ ಮೊದಲೇ ಬಂದು ನಿಂತಿದ್ದಾಳೆ. ಕೈಯಲ್ಲಿ ಬುತ್ತಿ ಗಂಟು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು.

ತುಮಕೂರಿನಲ್ಲಿ ಬಸ್ಸು ಬದಲಾಯಿಸಿದೆವು. ಅಲ್ಲಿಂದ ಕೋರ ಎಷ್ಟು ಮಹಾ ದೂರ? ಆದರೂ ಅಷ್ಟರಲ್ಲೇ ಅಕ್ಕ ಮೂರು ಸಲ ಕೇಳಿದಳು, "ಇನ್ನೂ ಎಷ್ಟು ದೂರ ರೈಟ್ರೇ?"

ರಸ್ತೆ ಪಕ್ಕ ಹುಣಸೆಮರದ ಕೆಳಗೆ ಜಾತ್ರೆಯಂತೆ ಜನ ಸೇರಿದ್ದರು. ಒಬ್ಬ ಹಿರಿಯ ನಮ್ಮನ್ನು ತಡೆದು ಸುದ್ದಿ ಹೇಳಿದ. "ಲಂಡನ್ ಕುದುರೆ ಬಂದೈತೆ. ಜೊತೇಲಿ ಒಬ್ಬ ದೊರೆ ಬಂದವ್ನೆ. ಬೆಳಗ್ಗೆಯಿಂದ ಎಳನೀರು ಕೊಟ್ವಿ, ಕುರ್ಚಿ ತಂದಾಕಿದ್ವಿ. ಕುಂತ್ಕಳಲ್ಲ, ಮಾತಾಡಲ್ಲ. ಪಾಪ, ಭಾಷೆ ಬರಕಿಲ್ಲ."

ಜನ ದಾರಿ ಬಿಟ್ಟರು. ಮರದ ನೆರಳಲ್ಲಿ ಕುದುರೆ ನಿಂತಿತ್ತು, ಹೊಳೆಯುವ ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ. ಅದರ ಹಗ್ಗ ಹಿಡಿದು ಒಬ್ಬ ಮನುಷ್ಯ. ಆ ಉರಿಬಿಸಿಲಲ್ಲಿ ಮಂಡಿಯ ಕೆಳಗೆ ಬರುವ ದಪ್ಪ ಉಣ್ಣೆ ಕೋಟು, ಕತ್ತಿನವರೆಗೆ ಗುಂಡಿ, ಹುಬ್ಬಿನ ಮೇಲೆ ಇಳಿದ ಟೊಪ್ಪಿಗೆ. ಬೆವರು ಧಾರಾಕಾರ ಸುರಿಯುತ್ತಿತ್ತು.

ಅಕ್ಕ ಅತ್ತ ನೋಡಿದಳು, ಇತ್ತ ನೋಡಿದಳು. ಗಾಬರಿಯಿಂದ ನನ್ನ ಕಡೆ ತಿರುಗಿದಳು. "ಕುದುರೆ ಈ ದೊರೆ ಕೈಗೆ ಕೊಟ್ಟು ನಮ್ಮೆಜಮಾನ ಎಲ್ಲೋದ ರೈಟ್ರೇ?"

ಕೋಟಿನೊಳಗಿಂದ ದನಿ ಬಂತು. "ಇಲ್ಲೇ ಇವ್ನಿ ಕಣೇ."

"ಅಯ್ಯೋ! ದೊರೆ ಕನ್ನಡ ಮಾತಾಡ್ತವ್ನೆ!" ಅಂತ ಜನ ಹಿಂದೆ ಸರಿದರು.

ಅಕ್ಕ ಹತ್ತಿರ ಹೋಗಿ ಟೊಪ್ಪಿಗೆ ಎತ್ತಿ ನೋಡಿದಳು. ಮುಖ ಇಳಿದು ಹೋಗಿತ್ತು, ಗಡ್ಡ ಬೆಳ್ಳಗಾಗಿತ್ತು. "ಈ ಬಿಸಿಲಾಗೆ ಇದೇನ್ ವೇಸ?"

"ಆ ಬಿಳಿ ಸೈಸ್ ಬೊಂಬಾಯಾಗೆ ಬುಟ್ಟು ಹೋಗುವಾಗ ಕೊಟ್ಟ ಕಣೇ. ಇದ್ರಾಗೆ ಆ ಊರಿನ ಲಾಯದ ವಾಸನೆ ಐತೆ. ತೆಗೆದ್ರೆ ಕುದುರೆಗೆ ನನ್ನ ಗುರ್ತು ಸಿಗಕಿಲ್ಲ."

"ಕುದುರೆಗೆ ಗುರ್ತು ಸಿಕ್ರೆ ಸಾಕಾ?" ಅಂದಳು ಅಕ್ಕ. ಸೊರಗಿದ ದನಿ. "ನಂಗೆ ಸಿಗೋದು ಬ್ಯಾಡ್ವಾ?"

ಸೈಸಣ್ಣ ತಲೆ ತಗ್ಗಿಸಿ ಒಂದೊಂದೇ ಗುಂಡಿ ಬಿಚ್ಚಿದ. ಒಳಗಿನಿಂದ ನಮ್ಮ ಸೈಸಣ್ಣ ಹೊರಗೆ ಬಂದ, ಅದೇ ಅರ್ಧ ತೋಳಿನ ಬನೀನು, ಅದೇ ಪಂಚೆ. ಅಕ್ಕ ಸೆರಗಿನಿಂದ ಅವನ ಕತ್ತಿನ ಬೆವರು ಒರೆಸಿದಳು. ಹೆಂಗಸರು ಮುಖ ಆ ಕಡೆ ಮಾಡಿಕೊಂಡರು.

ಅಷ್ಟರಲ್ಲಿ ಕುದುರೆ ಕಿವಿ ನಿಮಿರಿಸಿ ಕಾಲು ಕೆರೆಯಿತು. ಸೈಸಣ್ಣನಿಗೆ ಬೇರೆ ದಾರಿ ತೋಚಲಿಲ್ಲ, ಕೋಟನ್ನು ತಂದು ಅಕ್ಕನ ಹೆಗಲ ಮೇಲೆ ಹೊದಿಸಿ, ಹಗ್ಗ ಅವಳ ಕೈಗೆ ಕೊಟ್ಟ. ಕುದುರೆ ಕೋಟು ಮೂಸಿತು, ಅವಳ ಕೂದಲು ಮೂಸಿತು, ನಿಟ್ಟುಸಿರು ಬಿಟ್ಟು ಅವಳ ಹೆಗಲ ಮೇಲೆ ಗಲ್ಲ ಊರಿತು. ಅಕ್ಕ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತಳು. ಸೈಸಣ್ಣ ಮರದ ಬುಡದಲ್ಲಿ ಕೂತು ಗಂಟು ಬಿಚ್ಚಿ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ನುಂಗಿದ. ಎರಡು ತಿಂಗಳ ಹಸಿವು. ಅವಸರವೇ ಇಲ್ಲ.

ನಾವೆಲ್ಲ ಅವನು ಉಣ್ಣುವುದನ್ನೇ ನೋಡುತ್ತ ನಿಂತಿದ್ದೆವು. ಆಗ ಅಕ್ಕನ ಸಣ್ಣ ದನಿ ಕೇಳಿಸಿತು, ತಲೆ ಅಲ್ಲಾಡಿಸದೆ, ತುಟಿ ಮಾತ್ರ ಆಡಿಸುತ್ತ:

"ಒಸಿ ಬ್ಯಾಗ ಉಣ್ಣಿ ಅತ್ಲಾಗೆ. ನಿಮ್ಮ ಲಂಡನ್ನು ನನ್ನ ಸೆರಗು ಮೇಯ್ತಾ ಐತೆ!"